ಪ್ರೊಫೈಲ್ ಇದೆ, ವಿದ್ಯಾರ್ಥಿಗಳಿಲ್ಲ: ಆನ್‌ಲೈನ್‌ನಲ್ಲಿ ಕನ್ನಡ ಕಲಿಸುವವರಿಗೆ ದೋಷ ನಿವಾರಣೆ ಕೈಪಿಡಿ

ಪ್ರೆಪ್ಲಿ, ಐಟಾಕಿ ಥರದ ತಾಣದಲ್ಲಿ ಕನ್ನಡ ಕಲಿಸಲು ಖಾತೆ ತೆರೆದಿದ್ದೀರಿ. ಫೋಟೋ ಹಾಕಿದ್ದೀರಿ, ವಿಡಿಯೋ ಮಾಡಿದ್ದೀರಿ, ತಾಣದವರು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಆದರೂ ವಾರಗಟ್ಟಲೆ ಯಾರೂ ಬರುತ್ತಿಲ್ಲ. ಇಲ್ಲವೇ ಒಬ್ಬರು ಬಂದು, ಒಂದು ಪಾಠ ಕೇಳಿ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಈ ಬರಹ ಅಂಥ ಶಿಕ್ಷಕರಿಗಾಗಿ. ಉದಾಹರಣೆಗಳೆಲ್ಲ ಕನ್ನಡ ಕಲಿಸುವುದರ ಮೇಲಿವೆ. ಸಂಗೀತವನ್ನೋ ಗಣಿತವನ್ನೋ ಕಲಿಸುವವರಿಗೂ ಹುಡುಕುವ ದಾರಿ ಇದೇ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ದರಕ್ಕೆ. 12 ಡಾಲರ್ ಇದ್ದದ್ದು 8 ಆಗುತ್ತದೆ, ಆಮೇಲೆ 5 ಆಗುತ್ತದೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ನೋಡಿರುವ ಪ್ರೊಫೈಲ್‌ಗಳಲ್ಲಿ ದರವೇ ನಿಜವಾದ ದೋಷವಾಗಿದ್ದದ್ದು ಅಪರೂಪ. ನಲ್ಲಿಯಲ್ಲಿ ನೀರು ಬರದಿದ್ದರೆ ನಲ್ಲಿಯನ್ನೇ ಬದಲಿಸುವ ಮುಂಚೆ ಸಂಪು, ಮೋಟರು, ಟ್ಯಾಂಕು ನೋಡುತ್ತೇವೆ, ಅಲ್ವಾ? ಇಲ್ಲೂ ಎಲ್ಲಿ ನಿಂತಿದೆ ಎಂದು ಮೊದಲು ಗೊತ್ತಾಗಬೇಕು.

ಎಲ್ಲಿ ನಿಂತಿದೆ ಎಂದು ಕಂಡುಹಿಡಿಯುವುದು

ಕಲಿಯುವವರು ನಿಮ್ಮವರೆಗೆ ಬರುವ ದಾರಿಯಲ್ಲಿ ನಾಲ್ಕು ಹೆಜ್ಜೆಗಳಿವೆ. ಅವರು ಹುಡುಕಿದಾಗ ಪಟ್ಟಿಯಲ್ಲಿ ನೀವು ಕಾಣಬೇಕು. ಕಂಡ ಮೇಲೆ ನಿಮ್ಮ ಹೆಸರನ್ನು ಒತ್ತಬೇಕು. ಒಳಗೆ ಬಂದು ಓದಿ, ವಿಡಿಯೋ ನೋಡಿ, ಟ್ರಯಲ್ ಪಾಠ, ಅಂದರೆ ನಿಮ್ಮನ್ನು ಪರೀಕ್ಷಿಸಿ ನೋಡುವ ಮೊದಲ ಪಾಠ ಬುಕ್ ಮಾಡಬೇಕು. ಟ್ರಯಲ್ ಆದ ಮೇಲೆ ಮುಂದಿನ ಪಾಠಗಳಿಗೆ ದುಡ್ಡು ಕೊಡಬೇಕು. ಒಂದೊಂದು ಹೆಜ್ಜೆಯಲ್ಲೂ ದೋಷ ಬೇರೆ, ಪರಿಹಾರವೂ ಬೇರೆ. ಟ್ರಯಲ್ ಆದ ಮೇಲೆ ಜನ ಬಿಟ್ಟು ಹೋಗುತ್ತಿದ್ದರೆ ಹೊಸ ಫೋಟೋ ತೆಗೆಸಿಕೊಂಡು ಏನೂ ಪ್ರಯೋಜನವಿಲ್ಲ.

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಈ ವಾರ ಎಷ್ಟು ಜನ ಪ್ರೊಫೈಲ್ ನೋಡಿದರು, ಎಷ್ಟು ಸಂದೇಶ ಬಂತು, ಎಷ್ಟು ಟ್ರಯಲ್ ಆಯಿತು, ಎಷ್ಟು ಜನ ಎರಡನೇ ಪಾಠ ತೆಗೆದುಕೊಂಡರು ಎಂದು ಬರೆದಿಡಿ. ತಾಣದ ಅಂಕಿಅಂಶ ಪುಟದಲ್ಲಿ ಸಿಗುವಷ್ಟು ಸಾಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. 30 ಜನ ನೋಡಿ ಒಬ್ಬರೂ ಬುಕ್ ಮಾಡಲಿಲ್ಲ ಎಂದ ಮಾತ್ರಕ್ಕೆ ಪ್ರೊಫೈಲ್ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಎಂಬ ಸುಲಭ ಲೆಕ್ಕವಿದೆ. ಒಂದು ಸಲವೂ ಆಗದ ವಿಷಯಕ್ಕೆ, 3ನ್ನು ಒಟ್ಟು ಎಣಿಕೆಯಿಂದ ಭಾಗಿಸಿದರೆ ನಿಜವಾದ ಪ್ರಮಾಣ ಗರಿಷ್ಠ ಎಷ್ಟಿರಬಹುದು ಎಂದು ಸುಮಾರಾಗಿ ಗೊತ್ತಾಗುತ್ತದೆ. 30 ಜನರಲ್ಲಿ ಸೊನ್ನೆ ಎಂದರೆ ನೂರಕ್ಕೆ 10ರವರೆಗೂ ಇರಬಹುದು. ಅಂದರೆ ಪ್ರೊಫೈಲ್ ಚೆನ್ನಾಗಿಯೇ ಇರಬಹುದು, ಜನ ಸಾಕಷ್ಟು ಬಂದಿಲ್ಲ ಅಷ್ಟೇ. 300 ಜನರಲ್ಲಿ ಸೊನ್ನೆ ಎಂದರೆ ನೂರಕ್ಕೆ 1 ಕೂಡ ಕಷ್ಟ. ಆಗ ಖಂಡಿತ ಏನೋ ತೊಂದರೆ ಇದೆ.

ಕನ್ನಡಕ್ಕೆ ಇದು ಹೆಚ್ಚು ಮುಖ್ಯ. ಸ್ಪ್ಯಾನಿಷ್ ಅಥವಾ ಇಂಗ್ಲಿಷ್ ಹುಡುಕುವಷ್ಟು ಜನ ಕನ್ನಡವನ್ನು ಹುಡುಕುವುದಿಲ್ಲ. ಸ್ಪ್ಯಾನಿಷ್ ಶಿಕ್ಷಕರ ಯೂಟ್ಯೂಬ್ ಸಲಹೆ ಕೇಳಿ, ಅವರ ಸಂಖ್ಯೆಗೆ ನಿಮ್ಮ ಸಂಖ್ಯೆಯನ್ನು ಹೋಲಿಸಿಕೊಂಡು ಬೇಜಾರು ಮಾಡಿಕೊಳ್ಳಬೇಡಿ. ಇನ್ನೊಂದು ಮಗ್ಗುಲೂ ಇದೆ. ಡುವೊಲಿಂಗೊದಲ್ಲಿ ಕನ್ನಡ ಕೋರ್ಸ್ ಇಲ್ಲ. ಆ್ಯಪ್ ಹುಡುಕಿ ಸಿಗದವರು ಮನುಷ್ಯರನ್ನೇ ಹುಡುಕುತ್ತಾರೆ. ಅಂಥವರು ಬಂದರೆ ಸುಮ್ನೆ ಕುತೂಹಲಕ್ಕೆ ಬಂದಿರುವುದಿಲ್ಲ.

ಲಕ್ಷಣ: ಪ್ರೊಫೈಲ್ ಯಾರ ಕಣ್ಣಿಗೂ ಬೀಳುತ್ತಿಲ್ಲ

ಮೊದಲ ಪರೀಕ್ಷೆ ಸುಲಭ. ಬ್ರೌಸರ್‌ನಲ್ಲಿ ಖಾಸಗಿ ಕಿಟಕಿ (ಇನ್‌ಕಾಗ್ನಿಟೊ) ತೆರೆಯಿರಿ. ಲಾಗಿನ್ ಆಗಬೇಡಿ. ಕಲಿಯುವವರ ಹಾಗೆ ಕನ್ನಡ ಶಿಕ್ಷಕರನ್ನು ಹುಡುಕಿ. ನೀವು ಕಾಣುತ್ತೀರಾ? ಕಾಣದಿದ್ದರೆ ಖಾತೆ ರಜೆಯಲ್ಲಿದೆಯೋ, ಮರೆಯಾಗಿದೆಯೋ, ಯಾವುದಾದರೂ ದಾಖಲೆ ಬಾಕಿ ಇದೆಯೋ ನೋಡಿ. ಕಂಡರೆ ಒಂದೊಂದೇ ಫಿಲ್ಟರ್ ಹಾಕುತ್ತಾ ಹೋಗಿ. ಸಮಯ, ಶಿಕ್ಷಕರು ಮಾತಾಡುವ ಬೇರೆ ಭಾಷೆ, ದರ. ಯಾವ ಫಿಲ್ಟರ್ ಹಾಕಿದಾಗ ನಿಮ್ಮ ಹೆಸರು ಮಾಯವಾಯಿತೋ ಅಲ್ಲೇ ದೋಷ.

ನನ್ನ ಅನುಭವದಲ್ಲಿ ಬಹಳ ಸಲ ಮಾಯವಾಗುವುದು ಸಮಯದ ಫಿಲ್ಟರ್‌ನಲ್ಲಿ. ಶಿಕ್ಷಕರು ತಮಗೆ ಅನುಕೂಲವಾದ ಹೊತ್ತು ತೆರೆದಿಟ್ಟಿರುತ್ತಾರೆ, ಬೆಳಿಗ್ಗೆ 11ರಿಂದ ಸಂಜೆ 4. ಆ ಹೊತ್ತಿನಲ್ಲಿ ಬೆಂಗಳೂರಿನವರು ಆಫೀಸಿನಲ್ಲಿರುತ್ತಾರೆ, ಅಮೆರಿಕದವರು ಮಲಗಿರುತ್ತಾರೆ. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಅಮೆರಿಕ, ಬ್ರಿಟನ್‌ಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ ಎಂಬುದೂ ನೆನಪಿರಲಿ.

ಕ್ಯಾಲಿಫೋರ್ನಿಯಾದಲ್ಲಿ ಸಂಜೆ 6ರಿಂದ 9 ಎಂದರೆ ಬೇಸಿಗೆಯಲ್ಲಿ ನಮ್ಮ ಮರುದಿನ ಬೆಳಿಗ್ಗೆ 6:30ರಿಂದ 9:30. ಚಳಿಗಾಲದಲ್ಲಿ 7:30ರಿಂದ 10:30. ಇದು ಚಿನ್ನದಂಥ ಹೊತ್ತು. ಅಲ್ಲಿನ ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಕನ್ನಡಿಗರು ಜಾಸ್ತಿ ಇರುವುದರಿಂದ ಈ ಹೊತ್ತನ್ನು ಖಂಡಿತ ತೆರೆದಿಡಿ. ನ್ಯೂಜೆರ್ಸಿಯ ಸಂಜೆ ಮಾತ್ರ ನಮಗೆ ಕಷ್ಟ. ಅಲ್ಲಿನ ಸಂಜೆ 6 ಎಂದರೆ ಬೇಸಿಗೆಯಲ್ಲಿ ನಮಗೆ ಬೆಳಗಿನ ಜಾವ 3:30. ಆದರೆ ಅಲ್ಲಿನ ಶನಿವಾರ ಬೆಳಿಗ್ಗೆ 9 ಎಂದರೆ ನಮ್ಮ ಶನಿವಾರ ಸಂಜೆ 6:30, ಚಳಿಗಾಲದಲ್ಲಿ 7:30. ಮಕ್ಕಳಿಗೆ ಪಾಠ ಹೇಳಿಸಲು ಅಪ್ಪ ಅಮ್ಮ ಹುಡುಕುವುದು ಇದೇ ಹೊತ್ತನ್ನು. ಲಂಡನ್‌ನ ವಾರಾಂತ್ಯದ ಬೆಳಿಗ್ಗೆ 9 ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 1:30. ದುಬೈನ ಸಂಜೆ 7 ನಮ್ಮ ರಾತ್ರಿ 8:30. ಬೆಂಗಳೂರಿನಲ್ಲೇ ಇರುವ ಹೊರರಾಜ್ಯದವರಿಗೆ ಬೆಳಿಗ್ಗೆ 7ರಿಂದ 9, ಇಲ್ಲವೇ ರಾತ್ರಿ 8ರ ಮೇಲೆ.

ಇಷ್ಟೂ ಹೊತ್ತು ತೆರೆದಿಡಲು ಯಾರಿಗೂ ಆಗುವುದಿಲ್ಲ. ಯಾರಿಗೆ ಕಲಿಸುತ್ತೀರೋ ಅವರ ಹೊತ್ತನ್ನು ಮಾತ್ರ ತೆರೆಯಿರಿ. ಖಾತೆಯ ಸಮಯ ವಲಯ ಕೋಲ್ಕತಾ (ಭಾರತದ ಸಮಯಕ್ಕೆ ಸೆಟ್ಟಿಂಗ್‌ನಲ್ಲಿರುವ ಹೆಸರು) ಎಂದೇ ಇದೆಯಾ ನೋಡಿ. ಇದು ತಪ್ಪಿದ್ದರೆ ನೀವು ತೆರೆದ ಬೆಳಿಗ್ಗೆ 7 ಬೇರೆಯವರಿಗೆ ನಡುರಾತ್ರಿಯಾಗಿ ಕಾಣಬಹುದು.

ಅಮೆರಿಕದಲ್ಲಿ ಗಡಿಯಾರ ಮುಂದೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ, ಹಿಂದೆ ಬರುವುದು ನವೆಂಬರ್‌ನ ಮೊದಲ ಭಾನುವಾರ. ಬ್ರಿಟನ್‌ನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಈ ದಿನಗಳ ಆಸುಪಾಸಿನಲ್ಲಿ, ಈಗಾಗಲೇ ಇರುವ ವಿದ್ಯಾರ್ಥಿಗಳನ್ನೂ ಕಳೆದುಕೊಳ್ಳುವ ಅಪಾಯ ಇದೆ. ಒಂದು ಗಂಟೆ ಆಚೀಚೆಯಾಗಿ ಪಾಠ ತಪ್ಪುತ್ತದೆ, ಹಾಜರಿಲ್ಲ ಎಂದು ದಾಖಲಾಗುತ್ತದೆ. ಹಿಂದಿನ ವಾರವೇ ಎಲ್ಲರಿಗೂ ಒಂದು ಸಂದೇಶ ಕಳಿಸಿಬಿಡಿ.

ಎರಡನೆಯ ಅಡಗಿದ ದೋಷ ನಿಮಗೆ ಬರುವ ಬೇರೆ ಭಾಷೆಗಳದ್ದು. ಹಿಂದಿ, ತಮಿಳು, ತೆಲುಗು, ಮಲಯಾಳಂ ಬರುತ್ತಿದ್ದರೂ ಬಹಳ ಜನ ಇಂಗ್ಲಿಷ್ ಒಂದನ್ನೇ ಬರೆದಿರುತ್ತಾರೆ. ಲಕ್ನೋದಿಂದ ಬಂದು ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಸೇರಿದ ಹುಡುಗನಿಗೆ ಹಿಂದಿಯಲ್ಲಿ ವಿವರಿಸುವ ಶಿಕ್ಷಕರು ಬೇಕು. ಅವನು ಹಿಂದಿ ಫಿಲ್ಟರ್ ಹಾಕಿದ ಕ್ಷಣ ನೀವು ಪಟ್ಟಿಯಲ್ಲೇ ಇರುವುದಿಲ್ಲ. ಸರಾಗವಾಗಿ ಮಾತಾಡಲು ಬರುವ ಭಾಷೆಗಳನ್ನೆಲ್ಲ ಸೇರಿಸಿ. ಬಾರದ್ದನ್ನು ಸೇರಿಸಬೇಡಿ, ಟ್ರಯಲ್‌ನಲ್ಲೇ ಗೊತ್ತಾಗುತ್ತದೆ.

ಮೂರನೆಯದು, ಎಷ್ಟು ಗಂಟೆ ಮುಂಚೆ ಬುಕ್ ಮಾಡಬೇಕು ಎಂಬ ಸೆಟ್ಟಿಂಗ್. ಅದನ್ನು ಎರಡು ದಿನ ಎಂದು ಇಟ್ಟಿದ್ದರೆ, ನಾಳೆಯೇ ಶುರು ಮಾಡೋಣ ಎಂಬ ಹುಮ್ಮಸ್ಸಿನಲ್ಲಿ ಬಂದವರು ಪಕ್ಕದವರ ಹತ್ತಿರ ಹೋಗುತ್ತಾರೆ.

ಲಕ್ಷಣ: ಪಟ್ಟಿಯಲ್ಲಿ ಕಾಣುತ್ತೀರಿ, ಯಾರೂ ಒತ್ತುವುದಿಲ್ಲ

ಪಟ್ಟಿಯಲ್ಲಿ ಕಾಣುವುದು ಫೋಟೋ, ತಲೆಬರಹ, ದರ, ವಿಮರ್ಶೆಗಳ ಸಂಖ್ಯೆ ಮತ್ತು ವಿವರಣೆಯ ಮೊದಲ ಒಂದೆರಡು ಸಾಲು. ಅಷ್ಟರಲ್ಲೇ ತೀರ್ಮಾನ ಆಗಿಹೋಗುತ್ತದೆ.

ಫೋಟೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಖ ದೊಡ್ಡದಾಗಿ, ಬೆಳಕಿನಲ್ಲಿ, ಕ್ಯಾಮೆರಾ ನೋಡುತ್ತಾ ಇರಲಿ. ಮದುವೆ ಫೋಟೋದಿಂದ ಕತ್ತರಿಸಿದ್ದು, ಪಾಸ್‌ಪೋರ್ಟ್ ಫೋಟೋ, ಕಪ್ಪು ಕನ್ನಡಕ ಬೇಡ.

ತಲೆಬರಹ ಮಾತ್ರ ನಿಧಾನವಾಗಿ ನೋಡಬೇಕಾದ ಜಾಗ. ನಮ್ಮವರು ಸಾಮಾನ್ಯವಾಗಿ ಬರೆಯುವುದು ಹೀಗೆ: "ಎಂಎ, ಬಿಎಡ್, 15 ವರ್ಷದ ಬೋಧನಾ ಅನುಭವ, ಎಲ್ಲಾ ವಯಸ್ಸಿನವರಿಗೂ ಎಲ್ಲಾ ಹಂತದ ಕನ್ನಡ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದುವವರಿಗೆ ತಮ್ಮ ಕೆಲಸ ಇವರಿಂದ ಆಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಪಕ್ಕದ ಪ್ರೊಫೈಲ್‌ನಲ್ಲಿ ಹೀಗಿದೆ ಎಂದುಕೊಳ್ಳಿ: "ಬೆಂಗಳೂರಿಗೆ ಹೊಸಬರೇ? ಆಟೋ, ಅಂಗಡಿ, ಆಫೀಸು, ಮನೆ ಓನರ್ ಜೊತೆ ಮಾತಾಡುವ ಕನ್ನಡ ಕಲಿಸುತ್ತೇನೆ. ಲಿಪಿ ಬೇಕೆಂದರೆ ಆಮೇಲೆ." ಎಂಎ ಇಲ್ಲದಿದ್ದರೂ ಅವರನ್ನೇ ಒತ್ತುತ್ತಾರೆ. ಇದನ್ನು ಕಲಿಯುವವರಿಗೆ ಅರ್ಥವಾಗುವ ಭಾಷೆಯಲ್ಲಿ, ಅಂದರೆ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಬರೆಯಬೇಕು ಎಂದು ಬೇರೆ ಹೇಳಬೇಕಿಲ್ಲ. ಇಡೀ ಪರಿಚಯವನ್ನು ಅಚ್ಚ ಕನ್ನಡದಲ್ಲಿ ಬರೆದಿಟ್ಟ ಪ್ರೊಫೈಲ್‌ಗಳೂ ನನ್ನ ಕಣ್ಣಿಗೆ ಬಿದ್ದಿವೆ. ಚೆನ್ನಾಗಿ ಬರೆದಿರುತ್ತಾರೆ, ಓದಬೇಕಾದವರಿಗೆ ಮಾತ್ರ ಓದಲು ಬರುವುದಿಲ್ಲ.

ಹಾಗಾದರೆ ಯಾರಿಗೆ ಎಂದು ಬರೆಯುವುದು? ಕನ್ನಡ ಕಲಿಯಲು ದುಡ್ಡು ಕೊಡುವವರಲ್ಲಿ ಕೆಲವು ಗುಂಪುಗಳು ಸ್ಪಷ್ಟವಾಗಿ ಕಾಣುತ್ತವೆ.

ಬೆಂಗಳೂರು, ಮೈಸೂರಿಗೆ ಕೆಲಸಕ್ಕೆ ಬಂದ ಹೊರರಾಜ್ಯದವರಿಗೆ ಮಾತು ಬೇಕು, ಬೇಗ ಬೇಕು. ಕನ್ನಡದವರನ್ನು ಮದುವೆಯಾದವರು ಅಥವಾ ಆಗಲಿರುವವರಿಗೆ ಅತ್ತೆ ಮಾವನ ಜೊತೆ ಮಾತಾಡಬೇಕು. ಈ ಗುಂಪಿನವರು ಬಹಳ ನಿಷ್ಠೆಯಿಂದ ಕಲಿಯುತ್ತಾರೆ, ಬೇಗ ಬಿಡುವುದಿಲ್ಲ. ವಿದೇಶದಲ್ಲಿ ಹುಟ್ಟಿದ ಮಕ್ಕಳ ವಿಷಯ ಬೇರೆ. ಅವರಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್‌ನಲ್ಲಿ ಬರುತ್ತದೆ. ದುಡ್ಡು ಕೊಡುವುದು ಅಪ್ಪ ಅಮ್ಮ. ಇನ್ನು ಕರ್ನಾಟಕದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಮಕ್ಕಳು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದ ಆ ಶಾಲೆಗಳಲ್ಲೂ ಕನ್ನಡ ಕಲಿಯಲೇಬೇಕಾಯಿತು. ಬೇರೆ ರಾಜ್ಯದಿಂದ ನಡುವೆ ವರ್ಗವಾಗಿ ಬಂದ ಮನೆಯ ಮಕ್ಕಳಿಗೆ ಇದು ದೊಡ್ಡ ತಲೆನೋವು. ಇವರಿಗೆ ಬೇಕಿರುವುದು ಲಿಪಿ, ಪಠ್ಯ, ಪರೀಕ್ಷೆ. ಕೆಪಿಎಸ್‌ಸಿ ಪರೀಕ್ಷೆಯ ಕನ್ನಡ ಪತ್ರಿಕೆಗೆ ಓದುವವರು, ಯುಪಿಎಸ್‌ಸಿಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡವರು ಇನ್ನೊಂದು ಲೋಕ. ದಾಸರ ಪದ, ವಚನ ಹಾಡುವ ಬೇರೆ ಭಾಷೆಯ ಗಾಯಕರು ಉಚ್ಚಾರಣೆಗಾಗಿ ಹುಡುಕಿಕೊಂಡು ಬರುವುದುಂಟು.

ಇವರೆಲ್ಲರಿಗೂ ಒಂದೇ ತಲೆಬರಹ ಹೊಂದುವುದಿಲ್ಲ. ಒಂದು ಗುಂಪು ಆರಿಸಿಕೊಳ್ಳಿ, ಹೆಚ್ಚೆಂದರೆ ಎರಡು. ಉಳಿದವರು ತಪ್ಪಿಹೋಗುತ್ತಾರಲ್ಲ ಎಂಬ ಭಯ ಎಲ್ಲರಿಗೂ ಬರುತ್ತದೆ. ಅವರು ಈಗಲೂ ಬರುತ್ತಿಲ್ಲವಲ್ಲ.

ಊರಿನ ಕನ್ನಡವನ್ನೂ ಮುಚ್ಚಿಡಬೇಡಿ. ಧಾರವಾಡದ ಕಡೆಯ ಶಿಕ್ಷಕರು, ಮಂಗಳೂರಿನವರು ತಮ್ಮ ಮಾತಿನ ರೀತಿಯನ್ನು ಕೊರತೆಯೆಂದು ಭಾವಿಸಿ ಬರೆಯುವುದೇ ಇಲ್ಲ. ಹುಬ್ಬಳ್ಳಿ ಮನೆಗೆ ಸೊಸೆಯಾಗಿ ಹೋಗುವವರಿಗೆ ಬೆಂಗಳೂರು ಕನ್ನಡ ಕಲಿಸಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. "ಹುಬ್ಬಳ್ಳಿ-ಧಾರವಾಡದ ಮಾತು ಕಲಿಸುತ್ತೇನೆ" ಎಂದು ಬರೆಯುವವರು ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು. ಬೇಕಾದವರಿಗೆ ನೀವೊಬ್ಬರೇ ಸಿಗುತ್ತೀರಿ.

ಲಕ್ಷಣ: ಒಳಗೆ ಬಂದು ನೋಡುತ್ತಾರೆ, ಬುಕ್ ಮಾಡುವುದಿಲ್ಲ

ಇಲ್ಲಿ ದೋಷ ವಿಡಿಯೋದಲ್ಲಿರುತ್ತದೆ, ಇಲ್ಲವೇ ವಿವರಣೆಯಲ್ಲಿರುತ್ತದೆ. ಮೊದಲು ವಿಡಿಯೋ ನೋಡಿ.

ಪ್ರೆಪ್ಲಿಯಲ್ಲಿ ಪರಿಚಯದ ವಿಡಿಯೋ 30 ಸೆಕೆಂಡಿನಿಂದ 2 ನಿಮಿಷದೊಳಗೆ ಇರಬೇಕು. ಫೋನ್ ಅಡ್ಡ ಹಿಡಿದು ತೆಗೆದದ್ದಾಗಿರಬೇಕು. ಫೋನ್ ನಂಬರು, ಇಮೇಲ್ ಎಲ್ಲೂ ಹೇಳುವಂತಿಲ್ಲ. ಇಷ್ಟು ನಿಯಮದ ಮಾತು. ಪರೀಕ್ಷೆ ಹೀಗೆ ಮಾಡಿ: ನಿಮ್ಮ ಪರಿಚಯವಿಲ್ಲದ, ಕನ್ನಡ ಬಾರದ ಒಬ್ಬರಿಗೆ ವಿಡಿಯೋದ ಮೊದಲ 15 ಸೆಕೆಂಡ್ ಮಾತ್ರ ತೋರಿಸಿ. "ಇವರು ಯಾರಿಗೆ ಏನು ಕಲಿಸುತ್ತಾರೆ?" ಎಂದು ಕೇಳಿ. ಅವರಿಗೆ ಹೇಳಲು ಬರದಿದ್ದರೆ ಮತ್ತೆ ತೆಗೆಯಿರಿ.

ಹೆಚ್ಚಿನ ವಿಡಿಯೋಗಳ ಮೊದಲ 15 ಸೆಕೆಂಡ್ ನಮಸ್ಕಾರ, ಹೆಸರು, ಊರು, ಪದವಿಯಲ್ಲಿ ಮುಗಿದುಹೋಗುತ್ತದೆ. ಅದರ ಬದಲು ನೇರವಾಗಿ ಅವರ ತೊಂದರೆಯಿಂದ ಶುರು ಮಾಡಿ. "ಬೆಂಗಳೂರಿಗೆ ಬಂದು ಎರಡು ವರ್ಷ ಆಯಿತು, ಇನ್ನೂ ಕನ್ನಡ ಗೊತ್ತಿಲ್ಲ ಅನ್ನುವುದೊಂದೇ ಬರುತ್ತದೆಯೇ? ಈಗಲೇ ಒಂದು ವಾಕ್ಯ ಕಲಿಸುತ್ತೇನೆ, ಇವತ್ತೇ ಆಟೋದಲ್ಲಿ ಬಳಸಿ: ಸ್ವಲ್ಪ ಮುಂದೆ ನಿಲ್ಸಿ." ವಿಡಿಯೋದಲ್ಲೇ ಒಂದು ವಾಕ್ಯ ಕಲಿತವರಿಗೆ ನಿಮ್ಮ ಪಾಠ ಹೇಗಿರುತ್ತದೆ ಎಂದು ಆಗಲೇ ಗೊತ್ತಾಗಿರುತ್ತದೆ. ಪದವಿ ಪಟ್ಟಿ ಆ ಕೆಲಸ ಮಾಡುವುದಿಲ್ಲ.

ಚಿತ್ರಕ್ಕಿಂತ ಧ್ವನಿ ಮುಖ್ಯ. ಭಾಷೆ ಕಲಿಯಲು ಬರುವವರು ನಿಮ್ಮ ಧ್ವನಿಯನ್ನು ಗಂಟೆಗಟ್ಟಲೆ ಕೇಳಬೇಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಇಯರ್‌ಫೋನ್ ಮೈಕ್ ಬಳಸಿ. ಬರಿ ಗೋಡೆಯ ಕೋಣೆಯಲ್ಲಿ ಧ್ವನಿ ಗುಂಯ್‌ಗುಡುತ್ತದೆ. ಹಾಸಿಗೆ, ಪರದೆ ಇರುವ ಕೋಣೆ ಮೇಲು. ಕಿಟಕಿ ನಿಮ್ಮ ಮುಂದೆ ಇರಲಿ, ಬೆನ್ನಿಗೆ ಬೇಡ.

ಇನ್ನು ವಿವರಣೆ. ಓದುವವರ ಮನಸ್ಸಿನಲ್ಲಿ ಇರುವ ಪ್ರಶ್ನೆಗಳು ಕೆಲವೇ. ನನಗೆ ಏನೂ ಬರುವುದಿಲ್ಲ, ಪರವಾಗಿಲ್ಲವೇ? ಮೊದಲ ತಿಂಗಳಲ್ಲಿ ಏನು ಬರುತ್ತದೆ? ಲಿಪಿ ಕಲಿಯಲೇಬೇಕಾ? ಪಾಠದ ಸಾಮಗ್ರಿ ನೀವೇ ಕೊಡುತ್ತೀರಾ? ವಾರಕ್ಕೆ ಎಷ್ಟು ಪಾಠ ಬೇಕು? ಇವಕ್ಕೆ ನೇರ ಉತ್ತರ ಬರೆದರೆ ವಿವರಣೆ ಮುಗಿಯಿತು. ಮಕ್ಕಳಿಗೆ ಕಲಿಸುವವರು ಅಪ್ಪ ಅಮ್ಮನಿಗೆ ಉತ್ತರ ಕೊಡಬೇಕು: ಮಗು ಕ್ಯಾಮೆರಾ ಮುಂದೆ ಎಷ್ಟು ಹೊತ್ತು ಕೂರುತ್ತದೆ, ಪಾಠದ ನಡುವೆ ಆಟ ಇದೆಯೇ, ಪ್ರಗತಿ ಹೇಗೆ ತಿಳಿಸುತ್ತೀರಿ. "ಬೇಸಿಗೆ ರಜೆಗೆ ಊರಿಗೆ ಬರುವಷ್ಟರಲ್ಲಿ ಅಜ್ಜಿ ಜೊತೆ ಹತ್ತು ನಿಮಿಷ ಕನ್ನಡದಲ್ಲೇ ಮಾತಾಡುವಂತೆ ಮಾಡುವುದು ನಮ್ಮ ಗುರಿ" ಎಂಬ ಒಂದು ಸಾಲು, ಪಠ್ಯಕ್ರಮದ ಎರಡು ಪ್ಯಾರಾಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಆಗದ ಮಾತು ಕೊಡಬೇಡಿ. "30 ದಿನದಲ್ಲಿ ಸರಾಗ ಕನ್ನಡ" ಎಂದು ಬರೆದರೆ ಓದುವವರಿಗೆ ಅನುಮಾನ ಬರುತ್ತದೆ, ನಂಬಿ ಬಂದವರಿಗೆ ನಿರಾಸೆಯಾಗುತ್ತದೆ.

ಪದವಿ, ಪ್ರಮಾಣಪತ್ರ ಬೇಡವೆಂದಲ್ಲ. ಅವಕ್ಕೆ ತಾಣದಲ್ಲಿ ಬೇರೆ ಜಾಗವಿದೆ, ಅಲ್ಲಿ ಹಾಕಿ. ಪರೀಕ್ಷೆಗೆ ಓದುವವರು ಅದನ್ನು ನೋಡಿಯೇ ನೋಡುತ್ತಾರೆ.

ಸಂದೇಶ ಬಂದು ಬುಕಿಂಗ್ ಆಗದಿದ್ದರೆ ನಿಮ್ಮ ಉತ್ತರಗಳನ್ನು ತಿರುಗಿ ಓದಿ. ತಡವಾಯಿತೇ? "ಹೌದು ಸರ್, ಕಲಿಸುತ್ತೇನೆ" ಎಂದಷ್ಟೇ ಬರೆದಿರಾ? ಅವರ ಪ್ರಶ್ನೆಗೆ ಉತ್ತರ, ಅವರ ಗುರಿಯ ಬಗ್ಗೆ ಒಂದು ಪ್ರಶ್ನೆ, ಎರಡು ಸಮಯಗಳ ಸೂಚನೆ. ಇಷ್ಟಿದ್ದರೆ ಸಾಕು.

ಎಲ್ಲಾ ಸರಿ ಇದ್ದೂ ಬುಕಿಂಗ್ ಕೊನೆಯ ಹಂತದಲ್ಲಿ ಬಿದ್ದುಹೋಗುತ್ತಿದ್ದರೆ, ಮತ್ತು ಅವರು ಭಾರತದಲ್ಲೇ ಇರುವವರಾದರೆ, ಕಾರ್ಡ್ ಬಗ್ಗೆ ಕೇಳಿ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ಆನ್‌ಲೈನ್ ಮತ್ತು ಅಂತರರಾಷ್ಟ್ರೀಯ ಪಾವತಿ ಮೊದಲಿಗೆ ಬಂದ್ ಆಗಿರುತ್ತದೆ. ಗ್ರಾಹಕರೇ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆಯಬೇಕು. ತಾಣ ವಿದೇಶದ್ದಾದ್ದರಿಂದ ಪಾವತಿ ಅಲ್ಲೇ ನಿಲ್ಲುತ್ತದೆ. ತಿಂಗಳು ತಿಂಗಳು ತಾನಾಗಿ ದುಡ್ಡು ಕಡಿತವಾಗುವ ಚಂದಾ ಪದ್ಧತಿಗೆ 2021ರ ಅಕ್ಟೋಬರ್‌ನಿಂದ ಬೇರೆ ನಿಯಮಗಳೂ ಸೇರಿವೆ, ಅಲ್ಲೂ ಕೆಲವು ಕಾರ್ಡ್‌ಗಳು ಕೈಕೊಡುತ್ತವೆ. ಪಾಪ, ಕಲಿಯುವವರು ತಾಣವೇ ಕೆಟ್ಟಿದೆ ಎಂದು ಸುಮ್ಮನಾಗಿಬಿಡುತ್ತಾರೆ. "ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಇದೆಯಾ ನೋಡಿ" ಎಂಬ ಒಂದು ಸಾಲಿನಿಂದ ವಿದ್ಯಾರ್ಥಿ ಉಳಿಯಬಹುದು.

ಲಕ್ಷಣ: ಟ್ರಯಲ್ ಆಗುತ್ತದೆ, ಎರಡನೇ ಪಾಠ ಇಲ್ಲ

ಇದು ಅತಿ ದುಬಾರಿ ದೋಷ. ಪ್ರೆಪ್ಲಿಯಲ್ಲಿ ಹೊಸ ವಿದ್ಯಾರ್ಥಿಯ ಟ್ರಯಲ್ ಪಾಠದ ದುಡ್ಡು ಪೂರ್ತಿ ತಾಣಕ್ಕೇ ಹೋಗುತ್ತದೆ. ನಿಮ್ಮ ಗಳಿಕೆ ಶುರುವಾಗುವುದು ಎರಡನೇ ಪಾಠದಿಂದ. ಟ್ರಯಲ್ ಮೇಲೆ ಟ್ರಯಲ್ ಮಾಡಿ ಯಾರೂ ಉಳಿಯದಿದ್ದರೆ ಬಿಟ್ಟಿ ದುಡಿಮೆಯಷ್ಟೇ.

ಸಾಮಾನ್ಯ ಕಾರಣ ವರ್ಣಮಾಲೆ. ನಾವೆಲ್ಲ ಶಾಲೆಯಲ್ಲಿ ಅ ಆ ಇ ಈ ಇಂದ ಶುರು ಮಾಡಿದವರು. ಹಾಗಾಗಿ ಟ್ರಯಲ್‌ನಲ್ಲೂ ಸ್ವರ, ವ್ಯಂಜನ ಎಂದು ಹೊರಟುಬಿಡುತ್ತೇವೆ. ಮುಂದೆ 49 ಅಕ್ಷರ, ಆಮೇಲೆ ಕಾಗುಣಿತ, ಒತ್ತಕ್ಷರ. ಆಫೀಸಿನ ಕ್ಯಾಂಟೀನ್‌ನಲ್ಲಿ ನಾಲ್ಕು ಮಾತಾಡಬೇಕು ಎಂದು ಬಂದವರಿಗೆ ಇದು ಮುಗಿಯದ ದಾರಿಯಂತೆ ಕಾಣುತ್ತದೆ. ಶಾಲೆಯ ಮಗುವಿಗಾದರೆ ಲಿಪಿಯೇ ಮೊದಲು, ಅದು ಬೇರೆ.

ಇನ್ನೊಂದು ಕಾರಣ ಪುಸ್ತಕದ ಕನ್ನಡ. "ನಾನು ನಾಳೆ ಮಾರುಕಟ್ಟೆಗೆ ಹೋಗುತ್ತೇನೆ" ಎಂದು ಕಲಿತವರು ಬೀದಿಗೆ ಹೋದರೆ ಕೇಳುವುದು "ನಾಳೆ ಮಾರ್ಕೆಟ್‌ಗೆ ಹೋಗ್ತೀನಿ". ಕಲಿತದ್ದು ಒಂದು, ಕೇಳಿಸುವುದು ಇನ್ನೊಂದು. ಮಾತು ಕಲಿಯಲು ಬಂದವರಿಗೆ ಮೊದಲ ದಿನದಿಂದಲೇ ಮಾತಿನ ರೂಪ ಕೊಡಿ. ಬರಹದ ರೂಪ ಮುಂದೆ ಬೇಕಾದಾಗ ಸುಲಭವಾಗಿ ಬರುತ್ತದೆ.

ಮೂರನೆಯ ಕಾರಣ ಶಿಕ್ಷಕರೇ ಜಾಸ್ತಿ ಮಾತಾಡುವುದು. ಒಂದು ಟ್ರಯಲ್ ಅನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಆಮೇಲೆ ಕೇಳಿ. ವಿದ್ಯಾರ್ಥಿಯ ಧ್ವನಿ ಎಷ್ಟು ಸಲ ಕೇಳಿಸುತ್ತದೆ? ಇತಿಹಾಸ, ಕದಂಬರು, ಹಲ್ಮಿಡಿ ಶಾಸನ ಎಲ್ಲ ನಮಗೆ ಹೆಮ್ಮೆಯ ವಿಷಯಗಳೇ. ಟ್ರಯಲ್ ಪಾಠ ಅವುಗಳ ಜಾಗವಲ್ಲ.

ನಾನು ಶಿಫಾರಸು ಮಾಡುವ ರೀತಿ ಹೀಗಿದೆ. ಮೊದಲ ಐದಾರು ನಿಮಿಷ ಪ್ರಶ್ನೆಗಳು: ಯಾಕೆ ಕಲಿಯುತ್ತಿದ್ದೀರಿ, ಯಾರ ಜೊತೆ ಮಾತಾಡಬೇಕು, ಈಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ಅದಕ್ಕೆ ಹೊಂದುವ ಒಂದೇ ಸಂದರ್ಭ ತೆಗೆದುಕೊಂಡು ನಾಲ್ಕೈದು ವಾಕ್ಯ ಕಲಿಸಿ. ಅತ್ತೆಯ ಜೊತೆ ಫೋನ್ ಮಾತು ಎಂದರೆ "ಹೇಗಿದ್ದೀರ? ಊಟ ಆಯ್ತಾ? ಮಾವ ಏನ್ ಮಾಡ್ತಿದಾರೆ?" ಅವರಿಂದ ಹೇಳಿಸಿ, ಪಾತ್ರ ಬದಲಿಸಿ ಮತ್ತೆ ಹೇಳಿಸಿ. ಪಾಠ ಮುಗಿಯುವಷ್ಟರಲ್ಲಿ ಅವರು ನಿಮ್ಮ ಸಹಾಯವಿಲ್ಲದೆ ಒಂದು ಪುಟ್ಟ ಸಂಭಾಷಣೆ ನಡೆಸಬೇಕು. ಇಡೀ ಟ್ರಯಲ್‌ನ ಗುರಿ ಅದೊಂದೇ.

ಕೊನೆಯ ಹತ್ತು ನಿಮಿಷವನ್ನು ಪಾಠಕ್ಕೆ ಬಳಸಬೇಡಿ. ಮುಂದಿನ ದಾರಿ ತೋರಿಸಿ. "ವಾರಕ್ಕೆ ಎರಡು ಪಾಠವಾದರೆ ಮೊದಲ ತಿಂಗಳಲ್ಲಿ ಈ ನಾಲ್ಕು ಸಂದರ್ಭ, ಎರಡನೇ ತಿಂಗಳಲ್ಲಿ ಆಗಿಹೋದ ವಿಷಯ ಹೇಳುವುದು" ಎಂದು ಪರದೆಯ ಮೇಲೆ ಅರ್ಧ ಪುಟ ತೋರಿಸಿದರೆ ಸಾಕು. ಆಮೇಲೆ ನೇರವಾಗಿ ಕೇಳಿ: "ಮಂಗಳವಾರ ಇದೇ ಹೊತ್ತು ಆಗುತ್ತಾ?" ನಮ್ಮಲ್ಲಿ ಬಹಳ ಜನಕ್ಕೆ ಇದು ಸಂಕೋಚ. ದುಡ್ಡಿನ ಮಾತು ಹೇಗೆ ಎತ್ತುವುದು ಎಂದು ಸುಮ್ಮನಿದ್ದುಬಿಡುತ್ತಾರೆ. ಆ ಕಡೆಯವರು ಇವರಿಗೆ ನನ್ನ ಮೇಲೆ ಆಸಕ್ತಿ ಇಲ್ಲವೇನೋ ಅಂದುಕೊಳ್ಳುತ್ತಾರೆ. ಕೇಳುವುದು ಒತ್ತಾಯವಲ್ಲ. ಅವರೂ ಅದಕ್ಕೇ ಬಂದಿದ್ದಾರೆ.

ಅದೇ ದಿನ ಪಾಠದ ವಾಕ್ಯಗಳನ್ನು ಬರೆದು, ನಿಮ್ಮ ಧ್ವನಿಯಲ್ಲಿ ರೆಕಾರ್ಡ್ ಮಾಡಿ, ತಾಣದ ಸಂದೇಶದಲ್ಲೇ ಕಳಿಸಿ.

ವಿಮರ್ಶೆ ಇಲ್ಲದಿರುವುದು

ಹೊಸ ಪ್ರೊಫೈಲ್‌ಗೆ ಇದು ನಿಜವಾದ ಅಡ್ಡಿ. ನೆಂಟರಿಂದ ಸುಳ್ಳು ಬುಕಿಂಗ್ ಮಾಡಿಸಿ ವಿಮರ್ಶೆ ಬರೆಸಬೇಡಿ. ಸಿಕ್ಕಿಬಿದ್ದರೆ ಖಾತೆ ಹೋಗುತ್ತದೆ, ಓದುವವರಿಗೂ ಅದರ ವಾಸನೆ ಗೊತ್ತಾಗುತ್ತದೆ. ನಾಲ್ಕೈದು ಪಾಠ ಮುಗಿಸಿದ ವಿದ್ಯಾರ್ಥಿ ಏನಾದರೂ ಸಾಧಿಸಿದ ದಿನ ಕೇಳಿ. ಮನೆ ಓನರ್ ಜೊತೆ ಕನ್ನಡದಲ್ಲಿ ಮಾತಾಡಿದೆ ಎಂದು ಅವರು ಖುಷಿಯಿಂದ ಹೇಳಿದಾಗ "ಇದನ್ನೇ ಎರಡು ಸಾಲು ಬರೆಯುತ್ತೀರಾ?" ಎನ್ನಿ. ಒಳ್ಳೆಯ ಟೀಚರ್ ಎಂಬ ಐದು ವಿಮರ್ಶೆಗಿಂತ ಅಂಥ ಒಂದು ವಿಮರ್ಶೆ ಬಹಳ ದೂರ ಹೋಗುತ್ತದೆ.

ಈಗ ದರ

ಮೇಲಿನದೆಲ್ಲ ನೋಡಿಯಾದ ಮೇಲೆ ದರಕ್ಕೆ ಬನ್ನಿ. ಲೆಕ್ಕ ಮಾತ್ರ ಕಾಗದದ ಮೇಲೆ ಹಾಕಿ. ಪ್ರೆಪ್ಲಿಯ ಪದ್ಧತಿಯಲ್ಲಿ ಕಮಿಷನ್ ಶೇ. 33ರಿಂದ ಶುರುವಾಗಿ, ಕಲಿಸಿದ ಗಂಟೆಗಳು 400 ದಾಟಿದ ಮೇಲೆ ಶೇ. 18ಕ್ಕೆ ಇಳಿಯುತ್ತದೆ. ಐಟಾಕಿಯಲ್ಲಿ ಶೇ. 15. ಈ ನಿಯಮಗಳು ಆಗಾಗ ಬದಲಾಗುವುದರಿಂದ ನಿಮ್ಮ ಖಾತೆಯ ಸಹಾಯ ಪುಟದಲ್ಲಿ ಇವತ್ತಿನ ಸಂಖ್ಯೆ ನೋಡಿಕೊಳ್ಳಿ.

ಶೇ. 33 ಕಮಿಷನ್‌ನಲ್ಲಿ 12 ಡಾಲರ್ ಪಾಠದಿಂದ ಕೈಗೆ ಬರುವುದು 8.04. ದರವನ್ನು 8ಕ್ಕೆ ಇಳಿಸಿದರೆ 5.36. ತಿಂಗಳಿಗೆ 20 ಗಂಟೆಯಿಂದ ಬರುತ್ತಿದ್ದ ಗಳಿಕೆಗೆ ಈಗ 30 ಗಂಟೆ ಕಲಿಸಬೇಕು. ತಯಾರಿಯ ಹೊತ್ತು ಬೇರೆ. ಸುಸ್ತಾದ ಶಿಕ್ಷಕರ ಪಾಠ ಸಪ್ಪೆಯಾಗುತ್ತದೆ, ಎರಡನೇ ಪಾಠ ನಿಲ್ಲುತ್ತದೆ, ದೋಷ ಮತ್ತೆ ಶುರು.

ದರವೇ ದೋಷ ಎಂದು ಹೇಳಲು ಒಂದು ಗುರುತಿದೆ. ನಿಮ್ಮದೇ ಗುಂಪಿಗೆ ಕಲಿಸುವ, ಸುಮಾರು ನಿಮ್ಮಷ್ಟೇ ವಿಮರ್ಶೆ ಇರುವ ಶಿಕ್ಷಕರಿಗಿಂತ ನಿಮ್ಮ ದರ ತುಂಬಾ ಹೆಚ್ಚಿದ್ದು, ಜನ ಪ್ರೊಫೈಲ್ ಪೂರ್ತಿ ನೋಡಿ ಸಂದೇಶದಲ್ಲೂ ದರದ ಮಾತನ್ನೇ ಎತ್ತುತ್ತಿದ್ದರೆ ಇಳಿಸಿ. ಮೊದಲ ಕೆಲವು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಕಡಿಮೆ ಇಟ್ಟು, ವಿಮರ್ಶೆ ಬಂದ ಮೇಲೆ ಹೊಸಬರಿಗೆ ಏರಿಸುವುದೂ ಸರಿಯೇ. ತಾಣದಲ್ಲಿ ಪರಿಚಯವಾದವರನ್ನು ಕಮಿಷನ್ ಉಳಿಸಲು ಹೊರಗೆ ಕರೆದು ಯುಪಿಐನಲ್ಲಿ ದುಡ್ಡು ಪಡೆಯುವ ಯೋಚನೆ ಬೇಡ. ಅದು ನಿಯಮಕ್ಕೆ ವಿರುದ್ಧ, ಖಾತೆ ಮುಚ್ಚಿದರೆ ಕಷ್ಟಪಟ್ಟು ಗಳಿಸಿದ ವಿಮರ್ಶೆಗಳೆಲ್ಲ ಹೋದವು.

ಸರಿಪಡಿಸುವ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತಲೆಬರಹ, ವಿಡಿಯೋ, ದರ ಮೂರನ್ನೂ ಒಟ್ಟಿಗೆ ಬದಲಿಸಿ ವಿದ್ಯಾರ್ಥಿಗಳು ಬಂದರೆ ಯಾವುದರಿಂದ ಬಂದರು ಎಂದು ಗೊತ್ತಾಗುವುದಿಲ್ಲ. ಬರದಿದ್ದರೂ ಗೊತ್ತಾಗುವುದಿಲ್ಲ. ಸಮಯ ಮತ್ತು ಭಾಷೆಗಳ ಸೆಟ್ಟಿಂಗ್ ಮಾತ್ರ ಇದಕ್ಕೆ ಹೊರತು, ಅವನ್ನು ಇವತ್ತೇ ಸರಿಮಾಡಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಬನ್ನಿ: ಮೊದಲು ಟ್ರಯಲ್ ಪಾಠ, ನಂತರ ವಿಡಿಯೋ ಮತ್ತು ವಿವರಣೆ, ಕೊನೆಗೆ ತಲೆಬರಹ, ಫೋಟೋ. ಟ್ರಯಲ್ ಗಟ್ಟಿಯಾಗದೆ ಹೆಚ್ಚು ಜನರನ್ನು ಕರೆತಂದರೆ ಹೆಚ್ಚು ಜನ ಬಿಟ್ಟು ಹೋಗುತ್ತಾರೆ, ಅಷ್ಟೇ.

ಪ್ರತಿ ಬದಲಾವಣೆಯ ದಿನಾಂಕವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಕನ್ನಡದಂಥ ಕಡಿಮೆ ಹುಡುಕಾಟದ ವಿಷಯಕ್ಕೆ ಎರಡು ವಾರ ಸಾಲುವುದಿಲ್ಲ. ಕನಿಷ್ಠ ಒಂದು ತಿಂಗಳಾದರೂ ಬಿಡಿ, ಇಲ್ಲವೇ ನೂರು ಜನ ನೋಡುವವರೆಗೆ ಕಾಯಿರಿ. ಆ ನಡುವೆ ಯಾರಾದರೂ ಟ್ರಯಲ್‌ಗೆ ಬಂದು ಬಿಟ್ಟುಹೋದರೆ, ಒಂದು ಸಣ್ಣ ಸಂದೇಶ ಕಳಿಸಿ ಕಾರಣ ಕೇಳಿ: "ಪಾಠದಲ್ಲಿ ನಿಮಗೆ ಬೇಕಿದ್ದು ಏನು ಸಿಗಲಿಲ್ಲ?" ಎಲ್ಲರೂ ಉತ್ತರಿಸುವುದಿಲ್ಲ. ಉತ್ತರಿಸಿದವರ ಮಾತನ್ನು ಹಾಗೆಯೇ ನೋಟ್‌ಬುಕ್‌ಗೆ ಇಳಿಸಿ, ಮುಂದೆ ಏನು ಬದಲಿಸಬೇಕು ಎಂಬುದನ್ನು ಅದರಿಂದಲೇ ಆರಿಸಿ.